ಅಪ್ಪನ ಗುಲ್ಮದಲ್ಲಿ ಕಂಡ ಗಂಟು: ಮುಂದಿನ ಸ್ಕ್ಯಾನ್ ಯಾವುದಾಗಬೇಕು?

ಪ್ರಶ್ನೆ — ಶರಾವತಿ ತೀರದವ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 61 ವರ್ಷ. ಅಡಿಕೆ ತೋಟದ ಜೊತೆಗೆ ಸ್ವಲ್ಪ ಗದ್ದೆಯೂ ಇದೆ, ಇಂದಿಗೂ ಎರಡನ್ನೂ ಅವರೇ ನೋಡಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಗೆ ಹಲವು ವರ್ಷಗಳಿಂದ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ತಿಂಗಳು ಬಲಗಡೆಯ ಸೊಂಟದಿಂದ ತೊಡೆಸಂದಿನವರೆಗೆ ತೀವ್ರವಾದ ನೋವು ಕಾಣಿಸಿಕೊಂಡದ್ದರಿಂದ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಿದೆವು. ಬಲ ಮೂತ್ರನಾಳದಲ್ಲಿ 5 ಮಿಲಿಮೀಟರಿನ ಕಲ್ಲು ಕಂಡಿತು. ಅದನ್ನು ಖಚಿತಪಡಿಸಿಕೊಳ್ಳಲು ಅದೇ ವಾರ ಕಾಂಟ್ರಾಸ್ಟ್ (ಒಳಗಿನ ಭಾಗಗಳು ಚಿತ್ರದಲ್ಲಿ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ) ಔಷಧಿ ಕೊಡದೆ ಸಾದಾ ಸಿಟಿಯನ್ನೂ ಮಾಡಿದರು. ಕಲ್ಲು ಔಷಧಿಯಿಂದಲೇ ಹೊರಬಿದ್ದಿತು, ನೋವೂ ಪೂರ್ತಿ ನಿಂತಿದೆ.

ನಮ್ಮ ಚಿಂತೆ ಈಗ ಬೇರೆಯದು. ಅಲ್ಟ್ರಾಸೌಂಡ್ ವರದಿಯಲ್ಲಿ ಗುಲ್ಮದ (ಎಡ ಪಕ್ಕೆಯೊಳಗಿನ ಸ್ಪ್ಲೀನ್ ಎಂಬ ಅಂಗದ) ಗಾತ್ರ 11 ಸೆಂಟಿಮೀಟರ್, ಸಹಜವಾಗಿದೆ ಎಂದು ಬರೆದ ಮೇಲೆ, ಅದರ ಮೇಲ್ತುದಿಯ ಬಳಿ 2.1 ಸೆಂಟಿಮೀಟರಿನ, ಅಂಚು ಸ್ಪಷ್ಟವಾಗಿರುವ, ಸುತ್ತಲಿನ ಭಾಗಕ್ಕಿಂತ ಬೆಳ್ಳಗೆ ಕಾಣುವ ಒಂದು ಗಂಟಿದೆ, ಕಾಂಟ್ರಾಸ್ಟ್ ಸಿಟಿ ಮಾಡಿಸಿ ನೋಡುವುದು ಒಳ್ಳೆಯದು ಎಂದು ಸೇರಿಸಿದ್ದಾರೆ. ಆದರೆ ಸಾದಾ ಸಿಟಿಯ ವರದಿಯಲ್ಲಿ ಗುಲ್ಮ ಸಹಜವಾಗಿದೆ ಎಂದಷ್ಟೇ ಇದೆ. ಗಂಟಿನ ಪ್ರಸ್ತಾಪವೇ ಇಲ್ಲ. ಎರಡರಲ್ಲಿ ಯಾವುದನ್ನು ನಂಬಬೇಕು ಎಂಬುದು ನಮಗೆ ತಿಳಿಯುತ್ತಿಲ್ಲ. ತಂದೆಯವರಿಗೆ ಜ್ವರವಿಲ್ಲ, ತೂಕ ಇಳಿದಿಲ್ಲ, ಹಸಿವು ಚೆನ್ನಾಗಿದೆ. ಹಿಂದೆ ಕ್ಯಾನ್ಸರ್ ಆಗಿರಲಿಲ್ಲ.

ನೆಂಟರಲ್ಲಿ ಒಬ್ಬರು ಸೂಜಿ ಹಾಕಿ ಪರೀಕ್ಷೆ ಮಾಡಿಸಿಬಿಡಿ ಎನ್ನುತ್ತಾರೆ, ಇನ್ನೊಬ್ಬರು ಗುಲ್ಮವನ್ನೇ ತೆಗೆಸಿದರೂ ಮನುಷ್ಯ ಬದುಕುತ್ತಾನೆ ಎನ್ನುತ್ತಾರೆ, ಮತ್ತೊಬ್ಬರು ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಸುತ್ತ ಬಂದಿದ್ದ ಮಂಗನ ಕಾಯಿಲೆಯ ಶೇಷ ಇರಬಹುದೇ ಎಂದು ಕೇಳುತ್ತಾರೆ. ಕಾಂಟ್ರಾಸ್ಟ್ ಸಿಟಿ ಶಿವಮೊಗ್ಗದಲ್ಲಿಯೇ ಆಗುತ್ತದೆ. ಆದರೆ ಎಂಆರ್‌ಐ ಇನ್ನೂ ಉತ್ತಮ ಎಂದು ಕೇಳಿದ್ದೇವೆ. ತಂದೆಯವರನ್ನು ಅನಗತ್ಯವಾಗಿ ಅಲೆದಾಡಿಸಲು ಇಷ್ಟವಿಲ್ಲ, ಮಾಡಬೇಕಾದದ್ದನ್ನು ಬಿಡಲೂ ಇಷ್ಟವಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ — ರೇಡಿಯಾಲಜಿ ವೈದ್ಯ, ಶಿವಮೊಗ್ಗ

ನಮಸ್ಕಾರ. ಚಿತ್ರಗಳನ್ನು ನೋಡದೆ ಇದು ಇಂಥದ್ದೇ ಎಂದು ನಾನು ಹೇಳಲಾರೆ, ಹೇಳಲೂಬಾರದು. ಆದರೆ ನೀವು ಬರೆದಿರುವ ವಿವರಗಳಿಂದ ಯಾವ ದಾರಿ ಹಿಡಿಯಬೇಕು ಎಂಬುದನ್ನು ತಕ್ಕಮಟ್ಟಿಗೆ ವಿವರಿಸಬಹುದು.

ಮೊದಲು ಎರಡು ವರದಿಗಳ ವ್ಯತ್ಯಾಸ. ಇದರಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದೇನೂ ಇಲ್ಲ. ಅಲ್ಟ್ರಾಸೌಂಡ್ ಶಬ್ದದ ಅಲೆಗಳು ಅಂಗಾಂಶದಿಂದ ಮರಳುವ ರೀತಿಯನ್ನು ತೋರಿಸುತ್ತದೆ. ಸಿಟಿ ಎಕ್ಸ್-ರೇ ಕಿರಣಗಳನ್ನು ಅಂಗಾಂಶ ಎಷ್ಟು ಹೀರಿಕೊಂಡಿತು ಎಂಬುದನ್ನು ಅಳೆಯುತ್ತದೆ. ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲಿ ಸಹಜ ಗುಲ್ಮದ ಸಾಂದ್ರತೆ ಸುಮಾರು 40ರಿಂದ 60 ಹೌನ್ಸ್‌ಫೀಲ್ಡ್ ಮಾನದಷ್ಟಿರುತ್ತದೆ. ಗಂಟಿನ ಸಾಂದ್ರತೆಯೂ ಅಷ್ಟೇ ಇದ್ದರೆ ಅದು ಸುತ್ತಲಿನ ಭಾಗದೊಂದಿಗೆ ಬೆರೆತುಹೋಗಿ ಕಣ್ಣಿಗೆ ಬೀಳುವುದೇ ಇಲ್ಲ. ಮೂತ್ರನಾಳದ ಕಲ್ಲಿಗೆ ಸಾದಾ ಸಿಟಿಯೇ ಸರಿಯಾದ ಪರೀಕ್ಷೆ, ಗುಲ್ಮದ ಗಂಟಿಗೆ ಅದು ಸಾಲದು. ಹಾಗೆಂದು ಆ ಸಿಟಿ ವ್ಯರ್ಥವಾಗಲಿಲ್ಲ: ಒಳಗೆ ನೀರು ತುಂಬಿದ ಸರಳ ಚೀಲವಾಗಿದ್ದರೆ ಅದರ ಸಾಂದ್ರತೆ 0ರಿಂದ 20ರ ಆಸುಪಾಸಿನಲ್ಲಿದ್ದು ಸಾದಾ ಸಿಟಿಯಲ್ಲಿಯೂ ಕಪ್ಪಗೆ ಕಾಣುತ್ತಿತ್ತು, ಹಳೆಯ ಕ್ಷಯದ ಗುರುತಾಗಿ ಸುಣ್ಣ ಕಟ್ಟಿದ್ದರೆ ಬೆಳ್ಳಗೆ ಹೊಳೆಯುತ್ತಿತ್ತು. ಎರಡೂ ಕಾಣದಿರುವುದರಿಂದ ಇದು ಮೃದುವಾದ ಘನ ಅಂಗಾಂಶದ ಗಂಟು ಇರಬಹುದು ಎಂಬ ಮಾಹಿತಿ ನಮಗೆ ಈಗಾಗಲೇ ಸಿಕ್ಕಿದಂತಾಗಿದೆ.

ಗುಲ್ಮದಲ್ಲಿಯೇ ಹುಟ್ಟುವ ನಿರುಪದ್ರವಿ ಗಡ್ಡೆಗಳ ಪೈಕಿ ಅತ್ಯಂತ ಸಾಮಾನ್ಯವಾದದ್ದು ಹೆಮಾಂಜಿಯೋಮಾ, ಅಂದರೆ ಸಣ್ಣ ರಕ್ತನಾಳಗಳ ಗೊಂಚಲು. ಅಲ್ಟ್ರಾಸೌಂಡಿನಲ್ಲಿ ಬೆಳ್ಳಗೆ, ದುಂಡಗೆ, ಸ್ಪಷ್ಟ ಅಂಚಿನಿಂದ ಕಾಣುವುದು ಅದರ ಸಾಮಾನ್ಯ ರೂಪ. ಗುಲ್ಮಕ್ಕೆ ಬರುವ ಕ್ಯಾನ್ಸರ್‌ಗಳಲ್ಲಿ ಮುಖ್ಯವಾದ ಲಿಂಫೋಮಾ (ದುಗ್ಧ ವ್ಯವಸ್ಥೆಯ ಕ್ಯಾನ್ಸರ್) ಸಾಮಾನ್ಯವಾಗಿ ಸುತ್ತಲಿನ ಭಾಗಕ್ಕಿಂತ ಕಪ್ಪಗೆ ಕಾಣುತ್ತದೆ, ಹಲವೊಮ್ಮೆ ಗುಲ್ಮವೂ ದೊಡ್ಡದಾಗಿರುತ್ತದೆ ಅಥವಾ ಹೊಟ್ಟೆಯೊಳಗಿನ ದುಗ್ಧಗ್ರಂಥಿಗಳು ಊದಿಕೊಂಡಿರುತ್ತವೆ. ಬೇರೆ ಅಂಗದಿಂದ ಹರಡಿ ಬರುವ ಗಡ್ಡೆಗಳು, ಉದಾಹರಣೆಗೆ ಮೆಲನೋಮಾ, ಸ್ತನ, ಶ್ವಾಸಕೋಶ ಅಥವಾ ಅಂಡಾಶಯದ ಕ್ಯಾನ್ಸರ್‌ನಿಂದ ಬರುವವು, ಮೂಲ ರೋಗ ಎಲ್ಲರಿಗೂ ಗೊತ್ತಾಗಿರುವ ಹಂತದಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ತಮ್ಮ ತಂದೆಯವರ ವಿಷಯದಲ್ಲಿ ಇವು ಯಾವುವೂ ಹೊಂದುವುದಿಲ್ಲ. ಆದ್ದರಿಂದ ಗಾಬರಿಗೆ ಕಾರಣವಿಲ್ಲ. ಆದರೂ ಬಿಳಿಯ ಬಣ್ಣವೊಂದನ್ನೇ ನಂಬಿ ಕೈಬಿಡುವಂತೆಯೂ ಇಲ್ಲ, ಏಕೆಂದರೆ ಕೆಲವು ಬೇರೆ ಗಂಟುಗಳೂ ಅದೇ ವೇಷದಲ್ಲಿ ಬರುತ್ತವೆ.

ಈಗ ಸಿಟಿಯೋ ಎಂಆರ್‌ಐಯೋ ಎಂಬ ಪ್ರಶ್ನೆ. ಇಲ್ಲಿ ಗುಲ್ಮಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. ಕಾಂಟ್ರಾಸ್ಟ್ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟ ಮೊದಲ ಅರ್ಧ ನಿಮಿಷದಲ್ಲಿ ಆರೋಗ್ಯವಂತರ ಗುಲ್ಮವೂ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ತೋಟಕ್ಕೆ ಸುರಿದ ಮಳೆಯ ನೀರಿನಲ್ಲಿ ಒಂದು ಪಾಲು ಬಸಿಗಾಲುವೆ ಹಿಡಿದು ಕೂಡಲೇ ಹರಿದುಹೋಗಿ, ಇನ್ನೊಂದು ಪಾಲು ಮಣ್ಣಿಗಿಳಿದು ನಿಧಾನವಾಗಿ ಸಾಗುವಂತೆ, ಗುಲ್ಮದೊಳಗೂ ರಕ್ತ ವೇಗದ ದಾರಿ ಮತ್ತು ನಿಧಾನದ ದಾರಿ ಎರಡರಲ್ಲಿಯೂ ಸಾಗುವುದೇ ಇದಕ್ಕೆ ಕಾರಣ. ಈ ಹಂತದ ಚಿತ್ರವೊಂದನ್ನೇ ನೋಡಿದರೆ ಇಲ್ಲದ ಗಂಟು ಇದ್ದಂತೆ ತೋರಬಹುದು, ಇರುವ ಗಂಟು ಪಟ್ಟೆಗಳ ನಡುವೆ ಮುಚ್ಚಿಹೋಗಬಹುದು. ಸುಮಾರು 70 ಸೆಕೆಂಡಿನ ಹೊತ್ತಿಗೆ ಗುಲ್ಮವೆಲ್ಲ ಒಂದೇ ಸಮನಾಗಿ ಬೆಳಗುತ್ತದೆ. ಗಂಟನ್ನು ಅಳೆಯಬೇಕಾದದ್ದು ಆಗ. ಇದಕ್ಕೆ ಕೆಲವು ನಿಮಿಷಗಳ ನಂತರದ ಇನ್ನೊಂದು ಹಂತದ ಚಿತ್ರವೂ ಸೇರಿದರೆ, ಔಷಧಿ ಗಂಟಿನೊಳಗೆ ಉಳಿದುಕೊಂಡಿದೆಯೇ ಅಥವಾ ತೊಳೆದುಹೋಗಿದೆಯೇ ಎಂಬುದು ತಿಳಿಯುತ್ತದೆ. ಹೆಮಾಂಜಿಯೋಮಾದಲ್ಲಿ ಸಾಮಾನ್ಯವಾಗಿ ಅದು ಉಳಿದುಕೊಳ್ಳುತ್ತದೆ. ಸಿಟಿಯನ್ನೇ ಮಾಡಿಸುವುದಾದರೆ ಗುಲ್ಮದ ಗಂಟಿಗಾಗಿ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿರಿ. ಹೊಟ್ಟೆನೋವು ಎಂದಷ್ಟೇ ಬರೆದರೆ ಎಲ್ಲ ಹಂತಗಳ ಚಿತ್ರ ತೆಗೆಯದೆ ಇರಬಹುದು.

ಆದರೂ ನನ್ನ ಆಯ್ಕೆ ಕಾಂಟ್ರಾಸ್ಟ್ ಸಹಿತ ಎಂಆರ್‌ಐ. ಹೊಟ್ಟೆಯ ಒಂದು ಹಂತದ ಸಿಟಿಯಲ್ಲಿಯೇ ಸರಿಸುಮಾರು 8ರಿಂದ 10 ಮಿಲಿಸೀವರ್ಟ್ ವಿಕಿರಣ ದೇಹ ಸೇರುತ್ತದೆ, ಹಂತಗಳು ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಎಂಆರ್‌ಐಯಲ್ಲಿ ವಿಕಿರಣವೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ಎಂಆರ್‌ಐ ಒಂದೇ ಗಂಟನ್ನು ಹಲವು ಬಗೆಯಲ್ಲಿ ಪ್ರಶ್ನಿಸುತ್ತದೆ. ಟಿ-1, ಟಿ-2 ಎಂಬುವು ಎಂಆರ್‌ಐಯ ಎರಡು ಬಗೆಯ ಚಿತ್ರಗಳು. ಟಿ-2 ಚಿತ್ರದಲ್ಲಿ ಹೆಮಾಂಜಿಯೋಮಾ ಮತ್ತು ನೀರಿನ ಚೀಲಗಳು ಪ್ರಕಾಶಮಾನವಾಗಿ ಕಾಣುತ್ತವೆ. ಹಮಾರ್ಟೋಮಾ, ಅಂದರೆ ಗುಲ್ಮದ ಅಂಗಾಂಶವೇ ಕ್ರಮ ತಪ್ಪಿ ಗಂಟಾಗಿರುವುದು, ಟಿ-1ರಲ್ಲಿ ಸುತ್ತಲಿನ ಗುಲ್ಮದಂತೆಯೇ ಇರುತ್ತದೆ. ನಾರಿನಂಶ ಹೆಚ್ಚಿರುವ ಅಪರೂಪದ ಕೆಲವು ಗಂಟುಗಳು ಟಿ-2ರಲ್ಲಿಯೂ ಕಪ್ಪಾಗಿರುತ್ತವೆ. ತಂದೆಯವರ ದೇಹದಲ್ಲಿ ಪೇಸ್‌ಮೇಕರ್ ಅಥವಾ ಲೋಹದ ಯಾವುದಾದರೂ ಸಾಧನವಿದ್ದರೆ ಮೊದಲೇ ತಿಳಿಸಬೇಕು.

ಎರಡರಲ್ಲಿ ಯಾವುದೇ ಆಗಲಿ, ಮುಂಚಿತವಾಗಿ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿರಿ. ಸಕ್ಕರೆ ಕಾಯಿಲೆ ಹಲವು ವರ್ಷಗಳದ್ದು, ಇತ್ತೀಚೆಗೆ ಕಲ್ಲು ಮೂತ್ರನಾಳವನ್ನು ಕಟ್ಟಿತ್ತು. ಮೂತ್ರಪಿಂಡದ ಸ್ಥಿತಿ ತಿಳಿಯದೆ ಕಾಂಟ್ರಾಸ್ಟ್ ಕೊಡಬಾರದು. ಮೆಟ್‌ಫಾರ್ಮಿನ್ ನಿಲ್ಲಿಸಬೇಕೇ ಬೇಡವೇ ಎಂಬುದನ್ನೂ ಆ ಫಲಿತಾಂಶ ನೋಡಿಯೇ ವೈದ್ಯರು ಹೇಳುತ್ತಾರೆ, ತಾವಾಗಿಯೇ ನಿಲ್ಲಿಸಬೇಡಿ.

ಉತ್ತರ — ತುಂಗಾ ಫಿಜಿಶಿಯನ್, ತೀರ್ಥಹಳ್ಳಿ

ಮೇಲಿನ ಡಾಕ್ಟರರು ಚಿತ್ರಗಳ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕಾದ ಕೆಲವು ಸಂಗತಿಗಳನ್ನು ನಾನು ಸೇರಿಸುತ್ತೇನೆ, ಏಕೆಂದರೆ ಒಂದೇ ಚಿತ್ರ ಜ್ವರವಿರುವವರಲ್ಲಿ ಒಂದು ಅರ್ಥ ಕೊಡುತ್ತದೆ, ಜ್ವರವಿಲ್ಲದವರಲ್ಲಿ ಇನ್ನೊಂದು ಅರ್ಥ ಕೊಡುತ್ತದೆ.

ಮಂಗನ ಕಾಯಿಲೆಯ ಅನುಮಾನವನ್ನು ಬಿಟ್ಟುಬಿಡಿ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಆ ರೋಗ ಉಣುಗುಗಳ ಮೂಲಕ ಹರಡುವ ವೈರಸ್ ಜ್ವರ; ವರ್ಷಗಳ ನಂತರ ಗುಲ್ಮದಲ್ಲಿ ಒಂಟಿ ಗಂಟಾಗಿ ಉಳಿಯುವುದು ಅದರ ಸ್ವಭಾವವಲ್ಲ.

ನಾನು ನಿಜವಾಗಿ ಎಚ್ಚರ ವಹಿಸುವುದು ಇನ್ನೊಂದರ ಬಗ್ಗೆ. ಸಕ್ಕರೆ ಕಾಯಿಲೆಯವರು ಮಳೆಗಾಲದಲ್ಲಿ ಬರಿಗಾಲಿನಲ್ಲಿ ಗದ್ದೆಗಿಳಿದು ಕೆಲಸ ಮಾಡುವ ಊರುಗಳಲ್ಲಿ ಮೆಲಿಯೋಯಿಡೋಸಿಸ್ ಎಂಬ ಸೋಂಕನ್ನು ಮರೆಯುವಂತಿಲ್ಲ. ಇದನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಮಣ್ಣು ಮತ್ತು ನೀರಿನಲ್ಲಿ ವಾಸಿಸುತ್ತದೆ. ಘಟ್ಟದ ಕೆಳಗಿನ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಂದ ಇದರ ಪ್ರಕರಣಗಳು ಬಹಳ ಕಾಲದಿಂದ ವರದಿಯಾಗಿವೆ, ಮತ್ತು ಸಕ್ಕರೆ ಕಾಯಿಲೆ ಇದಕ್ಕೆ ಎಲ್ಲಕ್ಕಿಂತ ದೊಡ್ಡ ಅಪಾಯಕಾರಿ ಅಂಶ. ನಾಟಿಯ ಕೆಲಸ ಮುಗಿದ ಮೇಲೆ ಬಿಡದೆ ಕಾಡುವ ಜ್ವರ, ತೂಕ ಇಳಿತ, ಎಡ ಪಕ್ಕೆಯ ಕೆಳಗೆ ನೋವು, ಸ್ಕ್ಯಾನಿನಲ್ಲಿ ಗುಲ್ಮದ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಂತೆ ಕೀವಿನ ಗುಳ್ಳೆಗಳು, ಕೆಲವೊಮ್ಮೆ ಲಿವರ್‌ನಲ್ಲಿಯೂ ಅವೇ: ಇದು ಅದರ ಒಂದು ಚಿತ್ರ. ಕ್ಷಯವೂ ಗುಲ್ಮದಲ್ಲಿ ಹೆಚ್ಚು ಕಡಿಮೆ ಹೀಗೆಯೇ ಕಾಣುವುದರಿಂದ, ರಕ್ತದ ಕಲ್ಚರ್ (ರಕ್ತದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿಸದೆ ಕ್ಷಯದ ಔಷಧಿ ಆರಂಭಿಸಿ ಅಮೂಲ್ಯವಾದ ಕಾಲ ಕಳೆದುಹೋಗುವುದುಂಟು. ಮೆಲಿಯೋಯಿಡೋಸಿಸ್‌ನ ಚಿಕಿತ್ಸೆಯೇ ಬೇರೆ. ಮೊದಲ ಹಂತದಲ್ಲಿ ಕನಿಷ್ಠ ಸುಮಾರು 2 ವಾರ, ಒಳಗೆ ಕೀವಿದ್ದರೆ ಅದಕ್ಕಿಂತ ಹೆಚ್ಚು ಕಾಲ ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್ ಇಂಜೆಕ್ಷನ್, ಬಳಿಕ ಕನಿಷ್ಠ 3 ತಿಂಗಳು ಮಾತ್ರೆ. ಹಸು ಎಮ್ಮೆ ಸಾಕುವ ಮನೆಗಳಲ್ಲಿ ಬ್ರುಸೆಲ್ಲೋಸಿಸ್ (ದನಗಳಿಂದ ಮನುಷ್ಯರಿಗೆ ಬರುವ ಸೋಂಕು) ಸಾಧ್ಯತೆಯನ್ನೂ ನಾವು ಕೇಳಿ ತಿಳಿದುಕೊಳ್ಳುತ್ತೇವೆ.

ತಮ್ಮ ತಂದೆಯವರಿಗೆ ಜ್ವರವಿಲ್ಲ, ಗಂಟು ಒಂದೇ ಒಂದು, ಅದೂ ಬೆಳ್ಳಗಿದೆ. ಇವೆಲ್ಲ ಸೋಂಕಿಗೆ ವಿರುದ್ಧವಾಗಿಯೇ ಇವೆ. ಆದರೂ ಎಂಆರ್‌ಐಗೆ ಹೋಗುವ ಮುನ್ನ ರಕ್ತಕಣಗಳ ಪೂರ್ಣ ಎಣಿಕೆ, ಇಎಸ್‌ಆರ್ (ಉರಿಯೂತದ ಸುಳಿವು ಕೊಡುವ ರಕ್ತಪರೀಕ್ಷೆ), ಎಲ್‌ಡಿಎಚ್ (ಜೀವಕೋಶಗಳ ಹಾನಿಯ ಸುಳಿವು ಕೊಡುವ ರಕ್ತಪರೀಕ್ಷೆ), ಲಿವರ್ ಪರೀಕ್ಷೆ ಮತ್ತು ಎದೆಯ ಎಕ್ಸ್-ರೇ ಮಾಡಿಸಿರಿ. ಇವು ತಾಲ್ಲೂಕು ಕೇಂದ್ರದಲ್ಲಿಯೇ ಆಗುವ ಪರೀಕ್ಷೆಗಳು. ಇವುಗಳ ಫಲಿತಾಂಶ ಕೈಯಲ್ಲಿದ್ದರೆ ಚಿತ್ರವನ್ನು ಓದುವ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ.

ಗುಲ್ಮ ತೆಗೆಸುವ ಮಾತಿಗೆ ಒಂದು ಎಚ್ಚರಿಕೆ. ಗುಲ್ಮವಿಲ್ಲದವರೂ ಬದುಕುತ್ತಾರೆ ಎಂಬುದು ನಿಜ. ಆದರೆ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಗಳ ಸೋಂಕು ಅವರಲ್ಲಿ ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾಗಬಲ್ಲದು, ಅಂಥ ಅಪಾಯ ಜೀವನಪೂರ್ತಿ ಇರುತ್ತದೆ. ಅದಕ್ಕಾಗಿಯೇ ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ 2 ವಾರ ಮೊದಲು ಲಸಿಕೆಗಳನ್ನು ಕೊಡುತ್ತಾರೆ. ಸಕ್ಕರೆ ಕಾಯಿಲೆ ಇರುವ 61ರ ವ್ಯಕ್ತಿಯಲ್ಲಿ, ತೊಂದರೆ ಕೊಡದ ಎರಡು ಸೆಂಟಿಮೀಟರ್ ಗಂಟಿಗಾಗಿ ಈ ಹೊರೆಯನ್ನು ಹೊರಿಸುವುದಕ್ಕೆ ನಾನಂತೂ ಒಪ್ಪಲಾರೆ.

ಉತ್ತರ — ಸಾಗರದ ಓದುಗ

ನಾನು ವೈದ್ಯನಲ್ಲ, ಆದರೆ ನಮ್ಮ ಮನೆಯ ಅನುಭವವೊಂದು ಇಲ್ಲಿ ಉಪಯೋಗಕ್ಕೆ ಬರಬಹುದು. ನಮ್ಮ ತೋಟದಲ್ಲಿ ಕೊನೆ ಕೊಯ್ಯುವ ಕೊನೆಗೌಡರು ಒಮ್ಮೆ ಮರದಿಂದ ಜಾರಿ, ಎಡಪಕ್ಕೆ ಕೆಳಗಾಗಿ ಬಿದ್ದರು. ಆಗ ಮಾಡಿದ ಕಾಂಟ್ರಾಸ್ಟ್ ಸಿಟಿಯಲ್ಲಿ ಗುಲ್ಮ ಸೀಳಿದ್ದು ಕಂಡಿತಾದರೂ ಸಕ್ರಿಯ ರಕ್ತಸ್ರಾವ ಇಲ್ಲವೆಂದು ತಿಳಿದದ್ದರಿಂದ ಶಸ್ತ್ರಚಿಕಿತ್ಸೆ ಇಲ್ಲದೆ ಆಸ್ಪತ್ರೆಯಲ್ಲಿಟ್ಟು ನೋಡಿಕೊಂಡರು. ಬಹಳ ಕಾಲದ ನಂತರ ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಗುಲ್ಮದಲ್ಲಿ ನೀರು ತುಂಬಿದ ಗಂಟು ಕಂಡು ಮನೆಯವರೆಲ್ಲ ಕಂಗಾಲಾದರು. ಹಳೆಯ ಪೆಟ್ಟಿನ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿ ಉಳಿದ ಚೀಲ ಅದು ಎಂದು, ಹಿಂದಿನ ಸಿಟಿ ಫಿಲ್ಮನ್ನು ಪಕ್ಕದಲ್ಲಿಟ್ಟು ನೋಡಿದ ವೈದ್ಯರು ಹೇಳಿದರು. ತಮ್ಮ ತಂದೆಯವರ ಗಂಟು ಘನವಾದದ್ದು ಎಂದಿರುವುದರಿಂದ ಇದೇ ಆಗಿರಲಿಕ್ಕಿಲ್ಲ. ನನ್ನ ಸಲಹೆ ಇಷ್ಟೇ: ತಂದೆಯವರಿಗೆ ಹಿಂದೆ ಎಂದಾದರೂ ಹೊಟ್ಟೆಯ ಸ್ಕ್ಯಾನ್ ಆಗಿದೆಯೇ ಎಂದು ಮನೆಯಲ್ಲಿ ಹುಡುಕಿ ನೋಡಿ.

ಮರುಪ್ರಶ್ನೆ — ಶರಾವತಿ ತೀರದವ

ಎಲ್ಲರ ಉತ್ತರಗಳಿಗೂ ಹೃತ್ಪೂರ್ವಕ ಕೃತಜ್ಞತೆಗಳು. ತಂದೆಯವರಿಗೆ ಓದಿ ಹೇಳಿದೆ, ಅವರ ಮುಖದಲ್ಲಿಯೂ ನೆಮ್ಮದಿ ಕಂಡಿತು. ಸಾಗರದವರ ಮಾತಿನಂತೆ ಹುಡುಕಿದಾಗ, 2020ರಲ್ಲಿ ಪಿತ್ತಕೋಶದ ಕಲ್ಲಿಗಾಗಿ ಮಾಡಿಸಿದ್ದ ಕಾಂಟ್ರಾಸ್ಟ್ ಸಿಟಿಯ ಫಿಲ್ಮುಗಳೂ ಒಂದು ಸಿಡಿಯೂ ಬೀರುವಿನಲ್ಲಿ ಸಿಕ್ಕಿವೆ. ಅದರ ವರದಿಯಲ್ಲಿ ಗುಲ್ಮದ ಬಗ್ಗೆ ವಿಶೇಷವೇನನ್ನೂ ಬರೆದಿಲ್ಲ. ಇದರಿಂದ ಪ್ರಯೋಜನವಿದೆಯೇ? ಮತ್ತು ಪೆಟ್ ಸ್ಕ್ಯಾನ್ ಮಾಡಿಸಿದರೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಒಂದೇ ಸಲಕ್ಕೆ ತಿಳಿಯುತ್ತದೆ ಎಂದು ಒಬ್ಬರು ಹೇಳಿದರು. ಅದನ್ನೂ, ಸೂಜಿ ಪರೀಕ್ಷೆಯ ವಿಷಯವನ್ನೂ ದಯವಿಟ್ಟು ತಿಳಿಸಬೇಕು.

ಉತ್ತರ — ರೇಡಿಯಾಲಜಿ ವೈದ್ಯ, ಶಿವಮೊಗ್ಗ

ಆ ಸಿಡಿ ಸಿಕ್ಕಿದ್ದು ಬಹಳ ಒಳ್ಳೆಯದಾಯಿತು. ಹೊಸ ಪರೀಕ್ಷೆಗೆ ಹಣ ಕಟ್ಟುವ ಮೊದಲು ಅದನ್ನೂ ಈಗಿನ ಅಲ್ಟ್ರಾಸೌಂಡ್ ಚಿತ್ರಗಳನ್ನೂ ಒಬ್ಬ ರೇಡಿಯಾಲಜಿಸ್ಟರಿಗೆ ಒಟ್ಟಿಗೆ ತೋರಿಸಿರಿ. ಪಿತ್ತಕೋಶವನ್ನು ನೋಡುವ ಉದ್ದೇಶದಿಂದ ತೆಗೆದ ಸಿಟಿಯಲ್ಲಿಯೂ ಗುಲ್ಮ ಪೂರ್ತಿಯಾಗಿ ಚಿತ್ರಿತವಾಗಿರುತ್ತದೆ. ಚಿಕ್ಕ, ನಿರುಪದ್ರವಿಯಾಗಿ ತೋರುವ ಗಂಟನ್ನು ವರದಿಯಲ್ಲಿ ಉಲ್ಲೇಖಿಸದೆ ಇರುವುದು ಸಾಧ್ಯ. ಈಗ ಎಲ್ಲಿ ಹುಡುಕಬೇಕೆಂಬುದು ಗೊತ್ತಿರುವುದರಿಂದ ಅದೇ ಜಾಗದಲ್ಲಿ ಕಣ್ಣಿಟ್ಟು ನೋಡಬಹುದು. ಫಿಲ್ಮಿಗಿಂತ ಸಿಡಿ ಹೆಚ್ಚು ಉಪಯುಕ್ತ, ಏಕೆಂದರೆ ಫಿಲ್ಮಿನಲ್ಲಿ ಆಯ್ದ ಕೆಲವು ಚಿತ್ರಗಳಷ್ಟೇ ಇರುತ್ತವೆ, ಸಿಡಿಯಲ್ಲಿ ಪ್ರತಿಯೊಂದು ಪದರವೂ ಇದ್ದು ಸಾಂದ್ರತೆಯನ್ನು ಅಳೆಯಲೂ ಆಗುತ್ತದೆ.

ಅಂದು ಕೂಡ ಗಂಟು ಇಷ್ಟೇ ಗಾತ್ರದಲ್ಲಿ ಇದ್ದರೆ ನಮ್ಮ ಕೆಲಸ ಬಹುಪಾಲು ಮುಗಿದಂತೆಯೇ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2013ರಲ್ಲಿ ಪ್ರಕಟಿಸಿದ ಸಲಹಾ ಬರಹದ ಪ್ರಕಾರ, ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಕಂಡ ಗುಲ್ಮದ ಗಂಟು ಒಂದು ವರ್ಷ ಬದಲಾಗದೆ ಉಳಿದಿದ್ದರೆ ಅದನ್ನು ಮತ್ತೆ ಮತ್ತೆ ನೋಡುವ ಅಗತ್ಯವಿಲ್ಲ. ಹಳೆಯ ಚಿತ್ರದಲ್ಲಿ ಗಂಟು ಇಲ್ಲದಿದ್ದರೆ ಅಥವಾ ಸ್ಪಷ್ಟವಾಗಿ ಚಿಕ್ಕದಿದ್ದರೆ ಮಾತ್ರ ನಾನು ಹಿಂದೆ ಹೇಳಿದ ಎಂಆರ್‌ಐಯನ್ನು ತಡಮಾಡದೆ ಮಾಡಿಸಬೇಕು.

ಪೆಟ್ ಸ್ಕ್ಯಾನ್ ಸಕ್ಕರೆಯಂಥ ವಿಕಿರಣಶೀಲ ಔಷಧಿಯನ್ನು ಜೀವಕೋಶಗಳು ಎಷ್ಟು ಹೀರಿಕೊಳ್ಳುತ್ತವೆ ಎಂಬುದನ್ನು ತೋರಿಸುತ್ತದೆ. ಈಗಾಗಲೇ ಲಿಂಫೋಮಾ ಅಥವಾ ಬೇರೆ ಕ್ಯಾನ್ಸರ್ ಪತ್ತೆಯಾಗಿರುವವರಲ್ಲಿ, ರೋಗ ಗುಲ್ಮಕ್ಕೆ ಹರಡಿದೆಯೇ ಎಂದು ತಿಳಿಯಲು ಅದು ಬಹಳ ಬೆಲೆಯುಳ್ಳ ಪರೀಕ್ಷೆ. ಆದರೆ ಕ್ಷಯ, ಸಾರ್ಕಾಯಿಡೋಸಿಸ್ (ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವ ರೋಗ) ಹಾಗೂ ಕೀವಿನ ಗುಳ್ಳೆಗಳೂ ಪೆಟ್‌ನಲ್ಲಿ ಕ್ಯಾನ್ಸರ್‌ನಂತೆಯೇ ಬೆಳಗುತ್ತವೆ. ಕ್ಷಯ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಅದು ಹೌದು ಅಲ್ಲ ಎಂಬ ನೇರ ಉತ್ತರ ಕೊಡುವುದಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಚಿತ್ರದ ಗುಣಮಟ್ಟವೂ ಕುಗ್ಗುತ್ತದೆ. ತಮ್ಮ ತಂದೆಯವರಿಗೆ ಈ ಹಂತದಲ್ಲಿ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಸೂಜಿ ಪರೀಕ್ಷೆಯ ವಿಷಯದಲ್ಲಿ ಹಿಂದಿನ ಭಯ ಈಗ ಅಷ್ಟಿಲ್ಲ. ಗುಲ್ಮ ರಕ್ತ ತುಂಬಿದ ಅಂಗವಾದ್ದರಿಂದ ರಕ್ತಸ್ರಾವದ ಅಪಾಯ ಇದ್ದೇ ಇದೆ. ಆದರೂ ಪ್ರಕಟವಾದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಲ್ಟ್ರಾಸೌಂಡ್ ಅಥವಾ ಸಿಟಿಯ ಮಾರ್ಗದರ್ಶನದಲ್ಲಿ ಮಾಡಿದ ಬಯಾಪ್ಸಿಯಿಂದ, ಅಂದರೆ ಈ ಸೂಜಿ ಪರೀಕ್ಷೆಯಿಂದ, ಗಂಭೀರ ತೊಂದರೆಯಾದದ್ದು 100ರಲ್ಲಿ ಸುಮಾರು 2 ಮಂದಿಗೆ. ಎಂಆರ್‌ಐ ನಂತರವೂ ಅನುಮಾನ ಉಳಿದು, ಅದರ ಉತ್ತರದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಅದನ್ನು ಮಾಡಿಸುವುದು ಸರಿ. ಹೆಮಾಂಜಿಯೋಮಾದಂತೆಯೇ ತೋರುತ್ತಿರುವ ರಕ್ತನಾಳಗಳ ಗಂಟಿಗೆ ಮೊದಲ ಹೆಜ್ಜೆಯಾಗಿ ಸೂಜಿ ಹಾಕುವುದು ಸರಿಯಲ್ಲ.

ಒಂದು ವೇಳೆ ಎಂಆರ್‌ಐ ಮಾಡಿಸಿ, ಅದರಲ್ಲಿಯೂ ನಿಖರವಾದ ಹೆಸರು ಕೊಡಲಾಗದೆ ಕಾದು ನೋಡುವ ಸಲಹೆ ಬಂದರೆ, 6 ತಿಂಗಳಾದಾಗ ಒಮ್ಮೆ ಮತ್ತು 12 ತಿಂಗಳಾದಾಗ ಇನ್ನೊಮ್ಮೆ ಅದೇ ಎಂಆರ್‌ಐಯನ್ನು, ಸಾಧ್ಯವಾದರೆ ಅದೇ ಯಂತ್ರದಲ್ಲಿ ಮಾಡಿಸಿರಿ. ಒಮ್ಮೆ ಅಲ್ಟ್ರಾಸೌಂಡ್, ಇನ್ನೊಮ್ಮೆ ಸಿಟಿ ಎಂದು ಬದಲಾಯಿಸುತ್ತಾ ಹೋದರೆ ಅಳತೆಗಳನ್ನು ಹೋಲಿಸಲು ಆಗುವುದಿಲ್ಲ. 2.1 ಸೆಂಟಿಮೀಟರ್ ಇದ್ದದ್ದು ಮುಂದಿನ ವರದಿಯಲ್ಲಿ 2.2 ಅಥವಾ 2.3 ಎಂದು ಬಂದರೆ ಅದನ್ನು ಬೆಳವಣಿಗೆ ಎಂದು ತಿಳಿದು ಹೆದರಬೇಡಿ. ಉಸಿರು ಹಿಡಿದ ಮಟ್ಟ, ಗಂಟನ್ನು ಅಳೆದ ದಿಕ್ಕು, ಅಳೆದ ವೈದ್ಯರ ಕೈ ಇವುಗಳಿಂದಲೇ ಒಂದೆರಡು ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. ಆದರೆ ಈ ನಡುವೆ ಜ್ವರ, ರಾತ್ರಿ ಬೆವರು, ತೂಕದ ಇಳಿತ ಅಥವಾ ಎಡ ಪಕ್ಕೆಯ ಕೆಳಗೆ ನೋವು ಕಾಣಿಸಿಕೊಂಡರೆ ನಿಗದಿಯಾದ ದಿನಾಂಕದವರೆಗೆ ಕಾಯದೆ ಕೂಡಲೇ ಬಂದು ತೋರಿಸಿರಿ.